ಬೆಕ್ಕು ತನ್ನನ್ನೇ ಕಚ್ಚಿಕೊಳ್ಳುವುದೇಕೆ?

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಮನೆಯ ಬೆಕ್ಕು ಬಚ್ಚಲೊಲೆಯ ಬಾಯಿ ಬಿಟ್ಟು ಕದಲುವುದಿಲ್ಲ. ಬೂದಿಯ ಬಿಸುಪಿಗೆ ಮುದುಡಿ ಮಲಗಿದ್ದ ಅದು ಇದ್ದಕ್ಕಿದ್ದಂತೆ ಎದ್ದು ಹಿಂಗಾಲಿನಿಂದ ಕುತ್ತಿಗೆಯನ್ನು ಪರಪರ ಕೆರೆದುಕೊಳ್ಳುತ್ತದೆ. ತಿರುಗಿ ಬಾಲದ ಬುಡವನ್ನು ಹಲ್ಲಿನಿಂದ ಕಡಿಯುತ್ತದೆ. ಮತ್ತೆ ಮಲಗುತ್ತದೆ. ಎರಡು ದಿನ ಇದನ್ನು ಯಾರೂ ಗಮನಿಸುವುದಿಲ್ಲ. ಮೂರನೆಯ ದಿನ ಶಾಲೆಯಿಂದ ಬಂದ ಹುಡುಗಿ ಚೀಲ ಎಸೆದು ಬೆಕ್ಕನ್ನು ಎತ್ತಿಕೊಂಡರೆ ಕೈಗೆ ಏನೋ ಹಸಿಹಸಿಯಾಗಿ ತಾಗುತ್ತದೆ.

"ಅಮ್ಮಾ, ಇದರ ಕುತ್ತಿಗೇಲಿ ರಕ್ತ ಬರ್ತಿದೆ!"

"ಮೊದಲು ಅದನ್ನ ಕೆಳಗೆ ಬಿಡು. ಕಜ್ಜಿ ನಿನಗೂ ಅಂಟುತ್ತೆ."

ಅಷ್ಟರಲ್ಲಿ ಅಜ್ಜಿ ಬೇವಿನೆಣ್ಣೆಯ ಬಾಟಲಿ ಹುಡುಕುತ್ತಾರೆ. ತೋಟದಿಂದ ಬಂದ ಅಪ್ಪ, ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ದನದ ಔಷಧಿಯನ್ನು ನಾಲ್ಕು ಹನಿ ಹಚ್ಚಿದರಾಯಿತು ಎನ್ನುತ್ತಾರೆ. ಪಟ್ಟಣದಿಂದ ರಜೆಗೆ ಬಂದ ಚಿಕ್ಕಪ್ಪನ ಸಲಹೆ ಇನ್ನೊಂದು: ನೋವಿಗೆ ಅರ್ಧ ಮಾತ್ರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಯಾವ ಮನೆಯಲ್ಲಾದರೂ ನಡೆಯಬಹುದಾದ ದೃಶ್ಯ ಇದು. ಎಲ್ಲರೂ ಬೆಕ್ಕಿಗೆ ಒಳ್ಳೆಯದನ್ನೇ ಬಯಸುವವರು. ಆದರೆ ಈ ಮೂರು ಸಲಹೆಗಳಲ್ಲಿ ಎರಡು ಬೆಕ್ಕನ್ನು ಒಂದೇ ದಿನದಲ್ಲಿ ಕೊಲ್ಲಬಲ್ಲವು; ಮೂರನೆಯದೂ ನಿರಪಾಯಕಾರಿಯಲ್ಲ. ಇನ್ನೊಂದು ಮಾತು: ಎಲ್ಲರ ಕಣ್ಣೂ ಗಾಯದ ಮೇಲೆಯೇ ಇದೆ. ಬೆಕ್ಕು ತನ್ನ ಮೈಯನ್ನು ತಾನೇ ಏಕೆ ಹರಿದುಕೊಂಡಿತು ಎಂದು ಯಾರೂ ಕೇಳಲಿಲ್ಲ.

ಗಾಯ ಇಲ್ಲಿ ರೋಗವಲ್ಲ, ರೋಗದ ಫಲ. ಮೊದಲು ಬಂದದ್ದು ನವೆ. ನವೆಯಾದಲ್ಲಿ ಕೆರೆದರೆ ಚರ್ಮದ ಕೋಶಗಳು ಒಡೆದು ಹಿಸ್ಟಮೀನ್‌ನಂಥ ರಾಸಾಯನಿಕಗಳು ಹೊರಬೀಳುತ್ತವೆ, ಅವು ನರತುದಿಗಳನ್ನು ಕೆಣಕಿ ಇನ್ನಷ್ಟು ನವೆ ಹುಟ್ಟಿಸುತ್ತವೆ. ಒಡೆದ ಚರ್ಮದೊಳಗೆ ಬ್ಯಾಕ್ಟೀರಿಯಾ ಸೇರಿ ಕೀವಾದರೆ ಮತ್ತೂ ನವೆ. ಸೊಳ್ಳೆ ಕಚ್ಚಿದ ಜಾಗವನ್ನು ರಾತ್ರಿಯಿಡೀ ಕೆರೆದು ಬೆಳಿಗ್ಗೆ ಹುಣ್ಣು ಮಾಡಿಕೊಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಉಗುರು ಮಾತ್ರ. ಬೆಕ್ಕಿಗೆ ಉಗುರಿನ ಜೊತೆಗೆ ಚೂಪು ಹಲ್ಲು ಮತ್ತು ಅರದಂಥ ನಾಲಿಗೆ.

ಹಾಗಾದರೆ ನವೆ ಎಲ್ಲಿಂದ? ಮಲೆನಾಡಿನಲ್ಲಿ ಮೊದಲು ಸಂದೇಹಪಡಬೇಕಾದ್ದು ಚಿಗಟವನ್ನು. ಹೇನಿನಂತೆ ನಿಧಾನವಾಗಿ ಹರಿಯದೆ ಚಂಗನೆ ನೆಗೆಯುವ, ಪಕ್ಕದಿಂದ ಚಪ್ಪಟೆಯಾದ ಕಂದು ಕೀಟ ಇದು. ಒಂದೆರಡು ಮಿಲಿಮೀಟರ್ ಉದ್ದದ ಈ ಜೀವಿ ಸುಮಾರು 20 ಸೆಂಟಿಮೀಟರ್ ಎತ್ತರಕ್ಕೆ ಹಾರುತ್ತದೆ! ಅದರ ಎದೆಯ ಭಾಗದಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನ್ ಇದೆ. ಕವಣೆಯ ರಬ್ಬರಿನಂತೆ ಅದನ್ನು ಒತ್ತಿ ಹಿಡಿದು ಒಮ್ಮೆಲೇ ಬಿಡುವುದರಿಂದ ಈ ಹಾರಾಟ ಸಾಧ್ಯ. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಟೆನೊಸೆಫಲೈಡಿಸ್ ಫೀಲಿಸ್. ಬೆಕ್ಕಿನ ಹೆಸರು ಹೊತ್ತರೂ ನಾಯಿಯ ಮೈಮೇಲೂ ಸುಖವಾಗಿರುತ್ತದೆ.

ಹೆಣ್ಣು ಚಿಗಟ ದಿನಕ್ಕೆ 40ರಿಂದ 50ರವರೆಗೂ ಮೊಟ್ಟೆ ಇಡಬಲ್ಲದು. ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳದೆ ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತವೆ: ಗೋಣಿಚೀಲ, ಅಟ್ಟದ ಹುಲ್ಲು, ಹಳೆಯ ಕಂಬಳಿ, ನೆಲದ ಸಂದು. ಅಲ್ಲಿ ಮರಿಹುಳುಗಳಾಗಿ, ದೊಡ್ಡ ಚಿಗಟಗಳು ಹಿಕ್ಕೆಯಾಗಿ ಉದುರಿಸಿದ ಒಣ ರಕ್ತವನ್ನು ತಿಂದು ಬೆಳೆದು ಗೂಡು ಕಟ್ಟುತ್ತವೆ. ಮೊಟ್ಟೆಗೂ ಮರಿಗೂ ಬೇಕಾದ್ದು ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 50ಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತವೆ. ಶೇಕಡಾ 75ರ ಆಚೆಗೆ ಹಬ್ಬ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಸರಾಸರಿ ವಾರ್ಷಿಕ ಮಳೆ 7,000 ಮಿಲಿಮೀಟರ್ ದಾಟುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಅದರೊಡನೆ ಪೈಪೋಟಿಗೆ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಮನೆಯೊಳಗೆ, ಒಲೆಯ ಪಕ್ಕದ ಬೆಚ್ಚನೆಯ ಗೋಣಿಯ ಮೇಲೆ, ಚಿಗಟಕ್ಕೆ ಇದಕ್ಕಿಂತ ಸೊಗಸಾದ ತೊಟ್ಟಿಲು ಬೇಕೆ?

"ನಮ್ಮ ಬೆಕ್ಕಿನ ಮೈಮೇಲೆ ಒಂದೂ ಚಿಗಟವಿಲ್ಲ, ಹುಡುಕಿ ನೋಡಿದ್ದೇವೆ" ಎನ್ನುವವರು ಬಹಳ. ಅದಕ್ಕೆ ಕಾರಣ ಬೆಕ್ಕಿನ ನಾಲಿಗೆ. ಅದರ ಮೇಲೆ ಗಂಟಲಿನ ಕಡೆಗೆ ಬಾಗಿದ ನೂರಾರು ಮುಳ್ಳುಗಳಿವೆ, ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದವು. ಆ ಮುಳ್ಳುಗಳ ತುದಿ ಟೊಳ್ಳು. ಎಂಜಲನ್ನು ಹೀರಿ ಹಿಡಿದು ಕೂದಲಿನ ಬುಡದವರೆಗೆ ತಲುಪಿಸುತ್ತವೆ ಎಂದು 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ತೋರಿಸಿದರು. ಇಂಥ ಬಾಚಣಿಗೆ ಬಾಯಲ್ಲೇ ಇರುವ ಪ್ರಾಣಿ ಸಿಕ್ಕ ಚಿಗಟವನ್ನೆಲ್ಲ ನುಂಗಿಬಿಡುತ್ತದೆ. ಸಾಕ್ಷಿಯೇ ಹೊಟ್ಟೆಗೆ ಹೋದ ಮೇಲೆ ಕಳ್ಳ ಸಿಗುವುದೆಲ್ಲಿ? ಚಿಗಟದ ಜೊತೆಗೇ ಲಾಡಿಹುಳದ ಮರಿಯೂ ಒಳಗೆ ಹೋಗುವುದುಂಟು. ಬೆಕ್ಕಿನ ಬಾಲದ ಕೆಳಗೆ ಒಣಗಿದ ಅಕ್ಕಿಕಾಳಿನಂಥ ತುಣುಕು ಕಂಡರೆ ಚಿಗಟ ಇದ್ದದ್ದು ಬಹುಮಟ್ಟಿಗೆ ಖಚಿತ.

ಮಕ್ಕಳು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹೇನು ಬಾಚುವ ಒತ್ತು ಹಲ್ಲಿನ ಬಾಚಣಿಗೆಯಿಂದ ಬೆಕ್ಕಿನ ಸೊಂಟ ಮತ್ತು ಬಾಲದ ಬುಡವನ್ನು, ಗಾಯ ತಪ್ಪಿಸಿ, ಮೆಲ್ಲಗೆ ಬಾಚಬೇಕು. ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ ಒಂದು ನಿಮಿಷ ಬಿಡಬೇಕು. ಬರೀ ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಬೆಕ್ಕಿನದೇ ಜೀರ್ಣವಾದ ರಕ್ತ. ಪ್ರಯೋಗಾಲಯ ಬೇಡ, ಸೂಕ್ಷ್ಮದರ್ಶಕ ಬೇಡ. ಪರೀಕ್ಷೆ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು.

ನೂರು ಚಿಗಟ ಕಚ್ಚಿದರೂ ಒಂದು ಬೆಕ್ಕು ಹಾಯಾಗಿ ಮಲಗಿರುತ್ತದೆ, ಎರಡೇ ಚಿಗಟ ಕಚ್ಚಿದ ಇನ್ನೊಂದು ಮೈಯೆಲ್ಲ ಹರಿದುಕೊಳ್ಳುತ್ತದೆ. ಇದು ಅಲರ್ಜಿ. ಚಿಗಟ ರಕ್ತ ಹೀರುವಾಗ ಬಿಡುವ ಎಂಜಲಿನ ಪ್ರೋಟೀನುಗಳಿಗೆ ಕೆಲವು ಬೆಕ್ಕುಗಳ ದೇಹ ಅತಿಯಾಗಿ ಸಿಡಿಯುತ್ತದೆ. ಕುತ್ತಿಗೆ, ಬೆನ್ನು ಸವರಿದರೆ ರಾಗಿಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಹಕ್ಕಳೆ ಕೈಗೆ ಸಿಗುತ್ತದೆ.

ಹಾಗೆಂದು ಎಲ್ಲ ಗಾಯವನ್ನೂ ಚಿಗಟದ ತಲೆಗೆ ಕಟ್ಟುವುದು ಸರಿಯಲ್ಲ. ಕೆರೆತ ಕಿವಿಯ ಹಿಂಭಾಗದಲ್ಲೇ ಹೆಚ್ಚಾಗಿದ್ದು, ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕಸವಿದ್ದರೆ ಅದು ಕಿವಿಯ ನುಸಿ. ಕಿವಿಯ ಅಂಚಿನಿಂದ ಶುರುವಾಗಿ ಹಣೆ, ಮುಖ, ಕುತ್ತಿಗೆಗೆ ಬೂದುಬಣ್ಣದ ದಪ್ಪ ಹಕ್ಕಳೆ ಹಬ್ಬಿದರೆ ಬೆಕ್ಕಿನ ಕಜ್ಜಿ. ಇದನ್ನು ತರುವುದು ಇನ್ನೊಂದು ಜಾತಿಯ ನುಸಿ. ಇದು ಬೆಕ್ಕಿನಿಂದ ಬೆಕ್ಕಿಗೆ ಬೇಗ ಅಂಟುತ್ತದೆ, ಎತ್ತಿಕೊಂಡವರ ತೋಳಿನಲ್ಲೂ ಕೆಲವು ದಿನ ನವೆ ಗುಳ್ಳೆ ಎಬ್ಬಿಸುತ್ತದೆ. ಅಮ್ಮ ಗದರಿದ್ದು ಸುಮ್ಮನೆ ಅಲ್ಲ! ಕೂದಲು ದುಂಡಗೆ ಉದುರಿ ಹೊಟ್ಟೆದ್ದರೆ ಶಿಲೀಂಧ್ರದ ಸೋಂಕು, ನಮ್ಮ ಗಜಕರ್ಣದ ಬಂಧು. ಅದೂ ಮಕ್ಕಳಿಗೆ ದಾಟುತ್ತದೆ. ಇನ್ನು ರಾತ್ರಿ ಜಗಳವಾಡಿ ಬಂದ ಗಂಡುಬೆಕ್ಕಿನ ಕಥೆ ಬೇರೆ. ಎದುರಾಳಿಯ ಕೋರೆಹಲ್ಲು ಸೂಜಿಯಂತೆ ಒಳಹೊಕ್ಕು ಬರುತ್ತದೆ, ತೂತು ಒಂದೇ ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬಿ ಎರಡು ಮೂರು ದಿನದಲ್ಲಿ ಬಾವು ಏಳುತ್ತದೆ. ಬೆಕ್ಕು ಅದನ್ನೇ ನೆಕ್ಕಿ ಕಚ್ಚಿ ಒಡೆದಾಗ ನೋಡಿದವರಿಗೆ ತಾನೇ ಮಾಡಿಕೊಂಡ ಹುಣ್ಣಿನಂತೆ ಕಾಣುತ್ತದೆ.

ಏನೂ ತಿಳಿಯದಾದಾಗ "ಬೆಕ್ಕಿಗೆ ಮನಸ್ಸು ಸರಿಯಿಲ್ಲ, ಹೊಸ ನಾಯಿಮರಿ ಬಂದಾಗಿನಿಂದ ಹೀಗೆ" ಎನ್ನುವುದೂ ಇದೆ. ಬೇಸರ, ಭಯದಿಂದ ಅತಿಯಾಗಿ ನೆಕ್ಕಿಕೊಳ್ಳುವ ಬೆಕ್ಕುಗಳಿರುವುದು ನಿಜ. ಆದರೆ ಎಷ್ಟು? ಮನಸ್ಸಿನ ಕಾರಣದಿಂದಲೇ ಕೂದಲು ಕಳೆದುಕೊಂಡಿವೆ ಎಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ವರದಿಯೊಂದು 2006ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. 16 ಬೆಕ್ಕುಗಳಲ್ಲಿ ಸಿಕ್ಕಿದ್ದು ಅಲರ್ಜಿ, ಪರೋಪಜೀವಿಯಂಥ ದೈಹಿಕ ಕಾರಣ. ಮೂರರಲ್ಲಿ ಎರಡೂ ಇದ್ದವು. ಬರೀ ಮನಸ್ಸಿನದೇ ಕಾರಣ ಎನ್ನಬಹುದಾದವು ಎರಡೇ ಎರಡು! ಪಾಪದ ನಾಯಿಮರಿಯ ಮೇಲೆ ತಪ್ಪು ಹೊರಿಸುವ ಮುನ್ನ ಬಾಚಣಿಗೆ ಕೈಗೆತ್ತಿಕೊಳ್ಳುವುದು ಲೇಸು.

ಈಗ ಆ ಮೂರು ಸಲಹೆಗಳಿಗೆ ಬರೋಣ. ನಮ್ಮ ಯಕೃತ್ತು ದೇಹಕ್ಕೆ ಬೇಡವಾದ ಅನೇಕ ರಾಸಾಯನಿಕಗಳಿಗೆ ಗ್ಲುಕುರಾನಿಕ್ ಆಮ್ಲವೆಂಬ ವಸ್ತುವನ್ನು ಜೋಡಿಸುತ್ತದೆ. ಜೋಡಿಸಿದ ಮೇಲೆ ಅವು ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದೊಡನೆ ಹೊರಹೋಗುತ್ತವೆ. ಈ ಜೋಡಣೆಗೆ ಕಿಣ್ವಗಳು ಬೇಕು. ಬೆಕ್ಕಿನಲ್ಲಿ ಅಂಥ ಒಂದು ಮುಖ್ಯ ಕಿಣ್ವದ ಜೀನ್ ಕೆಟ್ಟುಹೋಗಿದೆ. ಮನೆಬೆಕ್ಕಿನಲ್ಲಷ್ಟೇ ಅಲ್ಲ, ಬೆಕ್ಕಿನ ಕುಲದ ಕಾಡುಪ್ರಾಣಿಗಳಲ್ಲೂ ಅದು ಕೆಟ್ಟೇ ಇದೆ. ಗಿಡಮರಗಳಲ್ಲಿ ಇಂಥ ರಾಸಾಯನಿಕಗಳು ಹೇರಳ. ಬರೀ ಮಾಂಸ ತಿಂದು ಬದುಕುವ ಕುಲಕ್ಕೆ ಆ ಕಿಣ್ವದ ಅಗತ್ಯವೇ ಬೀಳಲಿಲ್ಲ, ಕೆಟ್ಟದ್ದು ಕೆಟ್ಟಂತೆಯೇ ಉಳಿಯಿತು ಎಂಬುದು ವಿಜ್ಞಾನಿಗಳ ವಿವರಣೆ. ಕಾಡಿನಲ್ಲಿ ಇದರಿಂದ ತೊಂದರೆಯಿಲ್ಲ. ತೊಂದರೆ ಶುರುವಾದದ್ದು ಬೆಕ್ಕು ನಮ್ಮ ಔಷಧಿ ಡಬ್ಬಿಯ ಪಕ್ಕಕ್ಕೆ ಬಂದಾಗ.

ಚಿಕ್ಕಪ್ಪ ಹೇಳಿದ ಪ್ಯಾರಾಸಿಟಮಾಲ್ ಅನ್ನು ನಮ್ಮ ದೇಹ ಹೊರಹಾಕುವ ಮುಖ್ಯ ದಾರಿಯೇ ಇದು. ಬೆಕ್ಕಿಗೆ ಆ ದಾರಿ ಇಲ್ಲದ್ದರಿಂದ ಮಾತ್ರೆ ವಿಷವಸ್ತುವಾಗಿ ಮಾರ್ಪಟ್ಟು ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ. ರಕ್ತ ಆಮ್ಲಜನಕ ಹೊರಲಾರದು, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಮಿನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಧಾರಾಳ ಸಾಕು, ಅರ್ಧವೂ ಸಾಕಾಗಬಹುದು. ಫಿನಾಲ್ ಜಾತಿಯ ವಸ್ತುಗಳದ್ದೂ ಇದೇ ಕಥೆ. ನೆಲ ಒರೆಸುವ ಫಿನೈಲ್, ನೀರಿಗೆ ಹಾಕಿದರೆ ಹಾಲಿನಂತಾಗುವ ಮನೆಮನೆಯ ಗಾಯದ ದ್ರಾವಣ, ಇವೆಲ್ಲ ಬೆಕ್ಕಿಗೆ ಆಗಿಬರುವುದಿಲ್ಲ.

ಅಪ್ಪ ತಂದ ದನದ ಔಷಧಿಯ ವಿಚಾರ ಮಲೆನಾಡಿಗೆ ಇನ್ನೂ ಹತ್ತಿರದ್ದು. ದನದ ಉಣುಗಿಗೆ ಹಚ್ಚುವ ಔಷಧಿಗಳಲ್ಲಿ ಹೆಚ್ಚಿನವು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು. ನಾಯಿಗಳ ಬೆನ್ನಿಗೆ ಹನಿಸುವ ಕೆಲವು ಔಷಧಿಗಳಲ್ಲಿ ಇದೇ ಗುಂಪಿನ ಪರ್‌ಮೆಥ್ರಿನ್ ಇರುತ್ತದೆ. ದನ, ನಾಯಿ ಇವುಗಳನ್ನು ತಾಳಿಕೊಳ್ಳುತ್ತವೆ. ಬೆಕ್ಕಿನ ದೇಹ ಇವನ್ನು ಬೇಗ ಒಡೆಯಲಾರದು. ಕೆಲವೇ ಗಂಟೆಗಳಲ್ಲಿ ಜೊಲ್ಲು, ಕಿವಿ ಅದುರುವುದು, ಮೈ ನಡುಕ, ಕೊನೆಗೆ ಸೆಳವು. ಗೊತ್ತಿಲ್ಲದೆ ಹಚ್ಚಿಬಿಟ್ಟಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ತೆಳುವಾದ ಸೋಪಿನ ದ್ರವದಿಂದ ತಕ್ಷಣ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ ಪಶುವೈದ್ಯರ ಬಳಿಗೆ ಓಡಬೇಕು. ಬಾಟಲಿಯನ್ನೂ ಜೊತೆಗೆ ಒಯ್ಯಬೇಕು. ವಾಂತಿ ಮಾಡಿಸುವ ಪ್ರಯತ್ನ ಬೇಡ.

ಅಜ್ಜಿಯ ಬೇವಿನೆಣ್ಣೆ? ಮೂರರಲ್ಲಿ ಸೌಮ್ಯವಾದ್ದು ಅದೇ. ಆದರೂ ಬೆರಕೆಯಿಲ್ಲದ ಬೇವಿನೆಣ್ಣೆಯಿಂದ ಬೆಕ್ಕುಗಳು ಅಸ್ವಸ್ಥವಾದ ಉದಾಹರಣೆಗಳಿವೆ. ಸೀಮೆಎಣ್ಣೆ ಚರ್ಮ ಸುಡುತ್ತದೆ; ನೆಕ್ಕುವಾಗ ಶ್ವಾಸಕೋಶ ಸೇರಿದರೆ ಉಳಿಯುವುದೇ ಕಷ್ಟ. ಹೊಗೆಸೊಪ್ಪಿನ ನೀರಿನಲ್ಲಿ ನಿಕೋಟಿನ್ ಇದೆ. ಇಲ್ಲಿ ನೆನಪಿಡಬೇಕಾದ ಸಂಗತಿ ಬಹಳ ಸರಳ: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲವೂ ಅದರ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಕೊಡಲಾಗದ್ದನ್ನು ಮೈಗೂ ಹಚ್ಚುವಂತಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಮಟ್ಟಸವಾದ ಒಂದು ಸಣ್ಣ ಚಮಚ ಉಪ್ಪು ಕರಗಿಸಿದರೆ ಹೆಚ್ಚು ಕಡಿಮೆ ರಕ್ತದಷ್ಟೇ ಲವಣಾಂಶದ ನೀರಾಗುತ್ತದೆ; ಉರಿಯುವುದಿಲ್ಲ. ದೊಡ್ಡವರೊಬ್ಬರು ಬೆಕ್ಕನ್ನು ದಪ್ಪ ಟವೆಲಿನಲ್ಲಿ ತಲೆ ಮಾತ್ರ ಕಾಣುವಂತೆ ಸುತ್ತಿ ಹಿಡಿಯಬೇಕು. ಎಂಥ ಸಾಧು ಬೆಕ್ಕೂ ನೋವಾದಾಗ ಕಚ್ಚುತ್ತದೆ, ಆದ್ದರಿಂದ ಈ ಕೆಲಸ ಮಕ್ಕಳದ್ದಲ್ಲ. ಗಾಯದ ಸುತ್ತಲಿನ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ತೆಗೆದು, ಉಪ್ಪುನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಹಕ್ಕಳೆಯನ್ನು ನೆನೆಸಿ ನೆನೆಸಿ ಬಿಡಿಸಬೇಕು, ಕೀಳಬಾರದು. ದಿನಕ್ಕೆರಡು ಸಲ ಸಾಕು. ಪೊವಿಡೋನ್ ಅಯೋಡಿನ್ ಇದ್ದರೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಒರೆಸಿ, ಒಣಗುವವರೆಗೆ ನೆಕ್ಕದಂತೆ ನೋಡಿಕೊಳ್ಳಬಹುದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಅವು ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನೂ ಸುಡುತ್ತವೆ. ಅಂಗಡಿಯಲ್ಲಿ ಕೇಳಿ ತಂದ ತುರಿಕೆಯ ಮುಲಾಮಿನಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಸೋಂಕು ಇನ್ನೂ ಹಬ್ಬುತ್ತದೆ.

ಗಾಯ ಮಾಯುವವರೆಗೆ ಬಾಯಿ, ಉಗುರು ತಲುಪದಂತೆ ಮಾಡಲು ಕುತ್ತಿಗೆಗೊಂದು ಆಲಿಕೆಯಾಕಾರದ ಪಟ್ಟಿ ಬೇಕು. ಕೊಳ್ಳಲು ಸಿಗದಿದ್ದರೆ ಹಳೆಯ ಎಕ್ಸ್‌ರೇ ಹಾಳೆ ಆಗುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಬಗೆಯ ಹಾಳೆಗೂ ಬರವಿಲ್ಲ! ನೆನೆಸಿದ ಅಡಿಕೆ ಹಾಳೆ ಹೇಳಿದಂತೆ ಬಾಗುತ್ತದೆ. ಮುಟ್ಟಾಳೆ ಮಾಡಬಲ್ಲ ಕೈಗೆ ಇದೇನು ಕಷ್ಟವಲ್ಲ. ಅಂಚಿಗೆ ಬಟ್ಟೆ ಸುತ್ತಿರಬೇಕು, ಕುತ್ತಿಗೆಯ ಸುತ್ತ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು, ಊಟ ನೀರಿಗೆ ಅಡ್ಡಿಯಾಗಬಾರದು.

ಬಾವು, ಕೀವು, ಜ್ವರ, ಅಂಗೈ ಅಗಲಕ್ಕೆ ಹರಡಿದ ಗಾಯ, ಊಟ ಬಿಟ್ಟ ಬೆಕ್ಕು: ಇವು ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಬೇಕಾದವು. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟು ಗಾಯಕ್ಕೆ ಹುಳ ಬಿದ್ದಿದ್ದರೂ ಹಾಗೆಯೇ. ಫಿನೈಲ್, ನುಸಿಗುಳಿಗೆಯ ಪುಡಿ ಹಾಕುವ ರೂಢಿ ಬೆಕ್ಕಿನ ಮಟ್ಟಿಗೆ ಬೇಡವೇ ಬೇಡ. ಅಲ್ಲಿ ಬಗೆಹರಿಯದ್ದಕ್ಕೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕಜ್ಜಿಗೆ, ಚಿಗಟಕ್ಕೆ ಬೆಕ್ಕಿನ ತೂಕ ನೋಡಿ ಕೊಡುವ, ನಾಲಿಗೆ ಎಟುಕದಂತೆ ಹಿಂಗತ್ತಿಗೆ ಹನಿಸುವ ಸೆಲಮೆಕ್ಟಿನ್, ಫಿಪ್ರೊನಿಲ್‌ನಂಥ ಔಷಧಿಗಳು ಈಗ ಇವೆ. ಪುಟ್ಟ ಮರಿಗಳಿಗೆ ಮಾತ್ರ ಯಾವುದನ್ನೂ ಕೇಳದೆ ಹಾಕಬಾರದು. ಅವಕ್ಕೆ ಬಾಚಣಿಗೆಯೇ ಔಷಧಿ. ತಡಮಾಡುವುದೂ ಸಲ್ಲ, ಏಕೆಂದರೆ ನೂರಾರು ಚಿಗಟ ಹೀರಿದರೆ ಅಂಗೈಯಷ್ಟು ಮರಿ ರಕ್ತಹೀನತೆಯಿಂದಲೇ ಸಾಯುತ್ತದೆ.

ಬಾಚುವಾಗ ನೆಗೆಯದ, ಚರ್ಮಕ್ಕೆ ಕಚ್ಚಿಕೊಂಡೇ ಇರುವ ಜೀವಿ ಸಿಕ್ಕರೆ ಅದು ಉಣುಗು. ಈ ಮೂರು ತಾಲ್ಲೂಕುಗಳ ಜನಕ್ಕೆ ಉಣುಗಿನ ಪರಿಚಯ ಮಾಡಿಸಬೇಕಿಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 2018-19ರ ಬೇಸಿಗೆಗೆ ಮೊದಲು ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಪಡೆದ ಬಲಿಗಳನ್ನು ಊರು ಮರೆತಿಲ್ಲ. ಹಾಗೆಂದು ಹೆದರಿ ಬೆಕ್ಕನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಕಾಡಂಚಿನ ಮನೆಗಳಲ್ಲಿ ಡಿಸೆಂಬರ್‌ನಿಂದ ಮೇ ತನಕ ತರಗೆಲೆಯಲ್ಲಿ ಅಲೆದು ಬಂದ ಬೆಕ್ಕಿನ ಮೈಯನ್ನು ದೊಡ್ಡವರು ನೋಡಬೇಕು, ಅಷ್ಟೆ. ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಹೊಸಕುವುದು ಅಪಾಯ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಬೇಕು.

ಚಿಗಟದ ಬೆಕ್ಕು ಮಕ್ಕಳನ್ನು ಪರಚಿದರೆ ಇನ್ನೊಂದು ತೊಂದರೆಯಿದೆ. ಚಿಗಟದ ಹಿಕ್ಕೆಯಲ್ಲಿರುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಕ್ಕಿನ ಉಗುರಿನ ಮೂಲಕ ಗೀರಿಗೆ ಸೇರಿ, ಒಂದೆರಡು ವಾರದಲ್ಲಿ ಕಂಕುಳಿನಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಕಟ್ಟಿ ಜ್ವರ ಬರಿಸಬಹುದು. ವೈದ್ಯರಿಗೆ ಬೆಕ್ಕು ಪರಚಿದ್ದನ್ನು ಹೇಳದಿದ್ದರೆ ಕಾರಣ ಹೊಳೆಯುವುದು ಕಷ್ಟ. ಎಲ್ಲಕ್ಕಿಂತ ದೊಡ್ಡದು ರೇಬೀಸ್. ಹಿಂದೆ ಗಾಯವಾಗಿದ್ದ ಜಾಗವನ್ನೇ ಹುಚ್ಚಾಪಟ್ಟೆ ಕಚ್ಚಿಕೊಳ್ಳುವುದು, ಸಾಧುವಾಗಿದ್ದದ್ದು ಏಕಾಏಕಿ ಮೇಲೆರಗುವುದು, ದನಿ ಬದಲಾಗುವುದು ಕಂಡರೆ ಗಾಯಕ್ಕೆ ಮದ್ದು ಹಚ್ಚಲು ಹೋಗಲೇಬಾರದು. ದೂರವಿದ್ದು ಪಶುವೈದ್ಯರಿಗೆ ತಿಳಿಸಬೇಕು. ಯಾವುದೇ ಬೆಕ್ಕು ಕಚ್ಚಿ ಅಥವಾ ಪರಚಿ ಚರ್ಮ ಹರಿದಿದ್ದರೆ ಹರಿಯುವ ನೀರು ಮತ್ತು ಸೋಪಿನಲ್ಲಿ ಪೂರ್ತಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೈಯುತ್ತಾರೆಂದು ಗೀರನ್ನು ಅಂಗಿಯ ತೋಳಿನಲ್ಲಿ ಮುಚ್ಚಿಕೊಳ್ಳುವ ಮಕ್ಕಳಿರುವುದರಿಂದ ಬೈಯದಿರುವುದು ದೊಡ್ಡವರ ಜವಾಬ್ದಾರಿ.

ಇಷ್ಟೆಲ್ಲ ಮಾಡಿಯೂ ಹದಿನೈದು ದಿನದಲ್ಲಿ ಬೆಕ್ಕು ಮತ್ತೆ ಕೆರೆದುಕೊಂಡರೆ "ಔಷಧಿ ಹಿಡಿಯಲಿಲ್ಲ" ಎಂಬ ದೂರು ಏಳುತ್ತದೆ. ಔಷಧಿ ಹಿಡಿದಿದೆ, ಆದರೆ ಬೆಕ್ಕಿನ ಮೈಮೇಲಿದ್ದದ್ದು ಮನೆಯ ಒಟ್ಟು ಚಿಗಟಸಂತಾನದ ಸುಮಾರು ಶೇಕಡಾ 5 ಮಾತ್ರ. ಉಳಿದ 95 ಮೊಟ್ಟೆ, ಮರಿ, ಗೂಡುಗಳಾಗಿ ಗೋಣಿಯಲ್ಲಿವೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾದು, ಹೆಜ್ಜೆಯ ಕಂಪನವೋ ಮೈಬಿಸಿಯೋ ತಾಗಿದಾಗ ಹೊರಬರುತ್ತದೆ. ಆದ್ದರಿಂದ ಬೆಕ್ಕಿನ ಹಾಸನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ, ಬಿಸಿಲಿಲ್ಲದಿದ್ದರೆ ಒಲೆಯ ಮೇಲೆ ಒಣಗಿಸಬೇಕು; ಮೂಲೆ ಸಂದುಗಳನ್ನು ಗುಡಿಸಿ ಕಸವನ್ನು ಸುಡಬೇಕು; ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ ಅದದಕ್ಕೆ ಹೇಳಿಸಿದ ಔಷಧಿಯನ್ನು ಒಟ್ಟಿಗೇ ಹಾಕಬೇಕು. ಇದು ಕಡಿಮೆಯೆಂದರೂ ಮೂರು ತಿಂಗಳ ಕೆಲಸ. ಭಾನುವಾರಕ್ಕೊಮ್ಮೆ ಬಾಚಿ ಒದ್ದೆ ಬಟ್ಟೆಯ ಪರೀಕ್ಷೆ ಮಾಡಿ, ಕೆಂಪು ಕಂಡಿತೋ ಇಲ್ಲವೋ ಎಂದು ದಿನಾಂಕ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡುವ ಹೊಣೆಯನ್ನು ಬೆಕ್ಕನ್ನು ಮೊದಲು ಎತ್ತಿಕೊಂಡ ಹುಡುಗಿಗೇ ಕೊಡಬಹುದು.